ಮೊಣಕಾಲುದ್ದ ನೀರು, ಯಾರ ಮೊಣಕಾಲು?

ಪುಟ್ಟೇನಹಳ್ಳಿ ಕೆರೆಯ ತಗ್ಗಿನಲ್ಲಿರುವ ನಮ್ಮ ರಸ್ತೆಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. ಇದನ್ನು ಹೇಳಲು ವಿಜ್ಞಾನ ಬೇಕಿಲ್ಲ, ಚಪ್ಪಲಿ ತೇಲಿಹೋದರೆ ಸಾಕು. ಆದರೂ ಬಡಾವಣೆಯವರೆಲ್ಲ ಸೇರಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆವು. ನಿಂತ ನೀರಿನ ಫೋಟೊ ತೆಗೆದು, ಆಳ ಪಾದದವರೆಗೋ, ಮೊಣಕಾಲವರೆಗೋ, ಸೊಂಟದವರೆಗೋ ಎಂದು ಒತ್ತಬೇಕು. ಅದಕ್ಕೆ ತಕ್ಕಂತೆ ನಕ್ಷೆಯಲ್ಲಿ ಹಳದಿ, ಕೇಸರಿ, ಕೆಂಪು ಚುಕ್ಕೆ ಬೀಳುತ್ತದೆ. ನಮ್ಮ ರಸ್ತೆಯ ಹೊಣೆ ನನ್ನ ತಲೆಗೆ ಬಂತು. ನಾನು ರಿಟೈರ್ಡ್ ಸೈನ್ಸ್ ಟೀಚರ್, ಅಳತೆ ಎಂದರೆ ಅಳತೆ.

ಯಾರ ಮೊಣಕಾಲು ಎಂದು ಮಾತ್ರ ಆ್ಯಪ್ ಮಾಡಿದವರು ಯೋಚಿಸಿರಲಿಲ್ಲ. ನಾನು ಕುಳ್ಳಿ. ನಾನು ಮಹಡಿಯಲ್ಲಿ ಬಾಡಿಗೆಗಿರುವ ಮನೆಯ ಓನರ್ ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಸಾಮಿ. ಕಳೆದ ಮಳೆಗಾಲದಲ್ಲಿ ಗೇಟಿನೆದುರು ನಿಂತು ನಾನು ಮೊಣಕಾಲು ಒತ್ತಿದೆ. ಅವರು ಪಂಚೆ ಎತ್ತಿಕಟ್ಟಿ ಪಕ್ಕದಲ್ಲೇ ನಿಂತು ಅದೇ ನೀರಿಗೆ ಪಾದ ಒತ್ತಿದರು. ನೀರಿನೊಳಗೆ ಹಿಮ್ಮಡಿ ಎತ್ತಿದ್ದರು ಎಂಬುದು ನನ್ನ ಗುಮಾನಿ.

ಅವರ ಕಷ್ಟ ನನಗೆ ಗೊತ್ತಿತ್ತು. ಆ ಮಳೆಗೇ ಕೆಳಗಿನ ಮನೆಯವರು ಖಾಲಿ ಮಾಡಿ ಹೋದರು. ಆಮೇಲೆ ಟು-ಲೆಟ್ ಬೋರ್ಡ್ ಇಳಿಯಲೇ ಇಲ್ಲ. ಬಾಡಿಗೆಗೆ ಬರುವವರು ಈಗ ಮನೆಗಿಂತ ಮೊದಲು ನಕ್ಷೆ ನೋಡುತ್ತಾರೆ. ಓನರ್ ಸಂಸಾರ ನಡೆಯಬೇಕಾದ್ದು ಆ ಬಾಡಿಗೆಯಲ್ಲೇ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ದಿನವೂ ತಮ್ಮ ಕಾರಿನಲ್ಲೇ ನನ್ನನ್ನು ಓಡಾಡಿಸಿದ ಮನುಷ್ಯ ಬೇರೆ.

ಒಂದು ಭಾನುವಾರ ದಾವಣಗೆರೆ ಕಡೆಯ ದಂಪತಿ, ಜೊತೆಗೆ ವಯಸ್ಸಾದ ಅತ್ತೆ, ಮನೆ ನೋಡಲು ಬಂದರು. ಅದಕ್ಕೆ ಮೊದಲೇ ಓನರ್ ಮೆಟ್ಟಿಲ ಮೇಲೆ ನನ್ನನ್ನು ಹಿಡಿದರು. "ಕೇಳಿದ್ರೆ ಪಾದ ಅನ್ನಿ ಮೇಡಂ, ಅಷ್ಟು ಸಾಕು." ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವರೆಲ್ಲ ಬಂದಾಗ ಓನರ್ ಹಿಂದೆ ನಿಂತೆ.

ಮನೆ ಎಲ್ಲರಿಗೂ ಹಿಡಿಸಿತು. ಸೊಸೆ ಮೊಬೈಲ್ ತೆಗೆದು, ಇಲ್ಲಿ ಹಳದಿಯೂ ಇದೆ ಕೇಸರಿಯೂ ಇದೆಯಲ್ಲ ಎಂದು ಕೇಳಿದಳು. ಆ್ಯಪ್‌ಗೆ ತಲೆ ಕೆಟ್ಟಿದೆ ಎಂದು ಓನರ್ ತಳ್ಳಿಹಾಕಿಬಿಟ್ಟರು. ಅವಳು ಮೊಬೈಲ್ ಒಳಗಿಟ್ಟಳು. ಅಡ್ವಾನ್ಸ್ ಮಾತು ಶುರುವಾಯಿತು.

ಆಗ ಅತ್ತೆ ಸುಮ್ಮನೆ ಮಾತಿಗೆಂದು, ನಿಮ್ಮದು ಇದೇ ಊರೇ ಎಂದು ಕೇಳಿದರು. ಓನರ್ ಮುಖ ಅರಳಿತು. ತಾವು ಇಲ್ಲಿಯ ಮೂಲದವರೇ ಎಂದೂ, ಈ ಮನೆಯ ಜಾಗ ತಮ್ಮಪ್ಪನ ಭತ್ತದ ಗದ್ದೆಯೆಂದೂ, ಅಂಥ ಅಕ್ಕಿ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲವೆಂದೂ ಹೇಳಿಕೊಂಡರು. ಅತ್ತೆಯೂ ಗದ್ದೆ ಕಂಡವರೇ. "ನೀರು ಹೆಂಗ್ರೀ? ಕಾಲುವೆ ಇತ್ತೇನು?" ಎಂದರು.

"ಕಾಲುವೆ ಯಾಕಮ್ಮ? ಒಂದ್ ಮಳೆ ಬಂದ್ರೆ ಸಾಕು, ಕೆರೆ ನೀರು ತಾನಾಗೇ ಬಂದು ನಿಲ್ತಿತ್ತು. ಇಲ್ಲಿವರೆಗೂ!" ಎಂದು ಓನರ್ ಬಗ್ಗಿ ತಮ್ಮದೇ ಮೊಣಕಾಲಿಗೆ ಕೈ ಹಚ್ಚಿ ತೋರಿಸಿದರು. ಅವರ ಮೊಣಕಾಲು ಎಂದರೆ ನನಗೆ ತೊಡೆ ಮುಟ್ಟೀತು.

ಅತ್ತೆ ಸೊಸೆಯ ಮುಖ ನೋಡಿದರು. ಫೋನ್ ಮಾಡುತ್ತೇವೆ ಎಂದು ಕೈ ಮುಗಿದು, ಕಾರು ಹತ್ತುವಾಗ ಆ ಗದ್ದೆಯನ್ನು ಬಾಯ್ತುಂಬ ಹೊಗಳಿಯೇ ಹೋದರು.

ಕಾರು ಮರೆಯಾದ ಮೇಲೂ ಓನರ್ ಗೇಟು ಹಿಡಿದು ನಿಂತಿದ್ದರು. "ನಾನೇನಾದ್ರೂ ತಪ್ಪು ಹೇಳಿದ್ನಾ ಮೇಡಂ?"

ನನಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು.

"ಇಲ್ಲ ಸಾರ್, ನಿಜಾನೇ ಹೇಳಿದ್ರಿ" ಎಂದೆ.

ಅವರು ತಲೆ ತಗ್ಗಿಸಿ ತಮ್ಮ ಮೊಣಕಾಲನ್ನು ನೋಡಿಕೊಂಡರು.