ಕಂಪ್ಯೂಟರ್ ಮುಟ್ಟದ ಬೀಪಕ್ಕ

ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬೀದಿದೀಪಗಳು ಆರಿಲ್ಲ. ಹಾಲಿನ ಗಾಡಿ ಹೋದ ಮೇಲೆ ಇಡೀ ಬೀದಿಯಲ್ಲಿ ಕೇಳುವ ಸದ್ದೆಂದರೆ ಒಂದು ಷಟರ್ ಕಿರುಗುಟ್ಟುತ್ತ ಮೇಲೇರುವುದು ಮಾತ್ರ. ಅದನ್ನು ಎತ್ತುವವರು ಯಜಮಾನರು. ಅರ್ಧ ಎತ್ತುವಷ್ಟರಲ್ಲೇ ತಲೆ ಬಗ್ಗಿಸಿ ಒಳಗೆ ನುಸುಳುವವರು ಅವರ ಹೆಂಡತಿ, ಬೀಪಕ್ಕ. ಮಂಚದಷ್ಟು ಅಗಲದ ಒಂದು ಮೇಜು, ಅದರ ಮೇಲೆ ಒಂದು ರಟ್ಟು, ಎರಡು ಸ್ಕ್ರೂಡ್ರೈವರ್, ಕಿಟಕಿಯ ಪಕ್ಕದಲ್ಲಿ ಗಾಜಿನ ಭರಣಿ. ಅಂಗಡಿಯೆಂದರೆ ಇಷ್ಟೆ. ಬೋರ್ಡಿಲ್ಲ.

ಇಷ್ಟು ಬೇಗ ಬಾಗಿಲು ತೆರೆಯುವುದಕ್ಕೆ ಕಾರಣವಿದೆ. ಎಂಟು ಗಂಟೆಗೆ ಪಕ್ಕದ ತಗಡಿನ ಕಾರ್ಖಾನೆಯಲ್ಲಿ ಸುತ್ತಿಗೆ ಬೀಳಲು ಶುರುವಾದರೆ ಮತ್ತೆ ಏನೂ ಕೇಳುವುದಿಲ್ಲ. ಬೀಪಕ್ಕನ ಕೆಲಸ ಕೇಳಿಸಿಕೊಳ್ಳುವುದು. ಹೊಸದಾಗಿ ಜೋಡಿಸಿದ, ಗುಂಡಿ ಒತ್ತಿದರೂ ಜೀವ ಬಾರದ ಕಂಪ್ಯೂಟರುಗಳು ಇಲ್ಲಿಗೆ ಬರುತ್ತವೆ. ಅಂಗಡಿಯಲ್ಲಿ ಕಟ್ಟಿಸಿದವಲ್ಲ, ಬಿಡಿಭಾಗ ತಂದು ಮನೆಯಲ್ಲೇ ಕೂತು ಕೈಯಾರೆ ಕಟ್ಟಿಕೊಂಡವು. ಅವುಗಳ ಹಿಂದೆಯೇ, ಮುಖ ಊದಿಸಿಕೊಂಡು, ಕಟ್ಟಿದವರೂ ಬರುತ್ತಾರೆ.

ಇವತ್ತು ಬಂದಿರುವವರು ಒಬ್ಬ ಟೈಲರಮ್ಮ. ಕಸೂತಿಯ ನಮೂನೆಗಳನ್ನು ಪರದೆಯ ಮೇಲೆ ಬರೆಯಬೇಕೆಂಬ ಆಸೆಯಿಂದ ಹನ್ನೊಂದು ತಿಂಗಳು ಒಂದೊಂದೇ ಭಾಗ ತಂದು, ಮೊನ್ನೆ ಜೋಡಿಸಿ ಮುಗಿಸಿದ್ದಾರೆ. ಜೊತೆಗೆ ಪೆಟ್ಟಿಗೆ ಹೊತ್ತು ತಂದ ಅವರ ಅಣ್ಣ. ಹೊರಗೆ ಅವರ ಸಾಮಾನು ಸಾಗಿಸುವ ವ್ಯಾನು ನಿಂತಿದೆ.

“ಎಂಟು ಗಂಟೆಗೆ ನಾನು ಡ್ಯೂಟಿಗೆ ಹೋಗ್ಬೇಕು ಮೇಡಂ,” ಎನ್ನುತ್ತಾರೆ ಅಣ್ಣ. “ಅಷ್ಟರೊಳಗೆ ಹತ್ಕೊಂಡ್ರೆ ಸರಿ. ಇಲ್ಲಾಂದ್ರೆ ದೊಡ್ಡ ಅಂಗಡೀಗೆ ಹಾಕ್ತೀನಿ. ಅವರು ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಕೊಡ್ತಾರೆ.”

“ಅವರು ಕಟ್ಟಿದ್ರೆ ಅದು ನಂದು ಹೇಗಾಗತ್ತೆ?” ಟೈಲರಮ್ಮನ ದನಿ ಸಣ್ಣಗಾಗುತ್ತದೆ.

“ನೀನು ಕಟ್ಟಿದ್ದು ಯಾರ್ದೂ ಆಗ್ಲಿಲ್ವಲ್ಲಮ್ಮ!”

ಬೀಪಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಈ ಅಂಗಡಿಯ ಕಟ್ಟಳೆ ಅದು. ತಂದವರ ಯಂತ್ರವನ್ನು ಬೀಪಕ್ಕ ಮುಟ್ಟುವುದಿಲ್ಲ. ಯಾರು ಕಟ್ಟಿದರೋ ಅವರೇ ಬಿಚ್ಚಬೇಕು, ಅವರೇ ಹುಡುಕಬೇಕು.

“ಒತ್ತಿ ನೋಡೋಣ,” ಎನ್ನುತ್ತಾರೆ.

ಟೈಲರಮ್ಮ ಗುಂಡಿ ಒತ್ತುತ್ತಾರೆ. ಫ್ಯಾನು ಒಂದು ಸಲ ಕಾಲು ಸುತ್ತು ತಿರುಗಿ ನಿಂತುಬಿಡುತ್ತದೆ. ಆಮೇಲೆ ಏನೂ ಇಲ್ಲ. ಬೀಪಕ್ಕ ಮಾತ್ರ ಕತ್ತು ವಾರೆ ಮಾಡಿ, ಆ ಏನೂ ಇಲ್ಲದ್ದನ್ನೇ ಇನ್ನಷ್ಟು ಹೊತ್ತು ಆಲಿಸುತ್ತಾರೆ.

“ಸತ್ತಿಲ್ಲ. ಹೆದರ್ಕೊಂಡು ಬಾಯಿ ಮುಚ್ಕೊಂಡಿದೆ,” ಎನ್ನುತ್ತಾರೆ.

ಈ ಕಿವಿ ಪಳಗಿದ್ದು ಟೆಲಿಫೋನ್ ಕಚೇರಿಯಲ್ಲಿ. ಇಪ್ಪತ್ತೊಂದನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದವರು, ಇಪ್ಪತ್ತಾರು ವರ್ಷ ಹೆಡ್‌ಫೋನ್ ಹಾಕಿಕೊಂಡು ಲೈನು ಪರೀಕ್ಷಿಸಿದ್ದಾರೆ. “ಎಲ್ರೂ ಮಾತು ಕೇಳಿಸ್ಕೊಳ್ಳೋರು, ನಾನು ಮಾತಿಲ್ಲದ್ದನ್ನ ಕೇಳಿಸ್ಕೊಳ್ತಿದ್ದೆ,” ಎನ್ನುತ್ತಾರೆ. “ತಂತಿ ತುಂಡಾದ್ರೆ ಒಂದು ತರ ಸುಮ್ಮನಿರತ್ತೆ, ನೀರು ಹೊಕ್ಕಿದ್ರೆ ಇನ್ನೊಂದು ತರ.” ಕಚೇರಿ ಮುಚ್ಚಿದಾಗ ಅವರಿಗೆ ನಲವತ್ತೇಳು. ತಂಗಿಯ ಮಗಳ ಕೆಟ್ಟ ಕಂಪ್ಯೂಟರನ್ನು ಅಡುಗೆಮನೆಯ ನೆಲದ ಮೇಲೆ ಹರವಿಕೊಂಡು ಕೂತರು. ನಾಲ್ಕನೆಯ ದಿನ ಅದು ಬೀಪ್ ಎಂದಿತು. ಹದಿನಾಲ್ಕು ವರ್ಷದಿಂದ ಅದೇ ಅವರ ಕಸುಬು, ಅದೇ ಅವರ ಹೆಸರು.

ದಿನಕ್ಕೆ ಮೂರು ಪೆಟ್ಟಿಗೆ ಬರುತ್ತವೆ, ಕೆಲವು ದಿನ ನಾಲ್ಕು. “ಹತ್ತು ಬಂದ್ರೆ ಒಂದರಲ್ಲಿ ಮಾತ್ರ ಏನೋ ನಿಜವಾಗಿ ಸುಟ್ಟಿರತ್ತೆ. ಮಿಕ್ಕಿದ್ದೆಲ್ಲ ಸರಿಯಾಗಿ ಒತ್ತದೇ ಇರೋದು, ಒಂದು ವೈರು ಮರ್ತಿರೋದು. ಪೆಟ್ಟಿಗೆ ಹಿಂದಿನ ಸ್ವಿಚ್ಚೇ ಹಾಕ್ದೆ ಒಬ್ರು ಮೂರು ದಿನ ಊಟ ಬಿಟ್ಟಿದ್ರು!” ಆ ಕಥೆ ಹೇಳುವ ಯಜಮಾನರಿಗೆ ಇವತ್ತಿಗೂ ನಗು ತಡೆಯುವುದಿಲ್ಲ. ಅವರು ಚಹಾ ಸೋಸುತ್ತಲೇ ಬಂದವರನ್ನು ಮಾತಾಡಿಸುತ್ತಾರೆ. “ನಮ್ಮನೇಲಿ ಕೈ ಕಟ್ಕೊಂಡು ಕೂರೋದು ಇವಳ ಕೆಲಸ, ಕಪ್ಪು ತೊಳೆಯೋದು ನನ್ನ ಕೆಲಸ.”

ಈ ಕೈ ಕಟ್ಟುವುದು ಶುರುವಾದದ್ದು ಏಳು ವರ್ಷದ ಹಿಂದೆ. ಒಂದು ಬೆಳಿಗ್ಗೆ ಪ್ರೊಸೆಸರ್ ಕೂರಿಸುವಾಗ ಬೀಪಕ್ಕನ ಬೆರಳು ನಡುಗಿತು. ಕೂದಲೆಳೆಯಂಥ ಪಿನ್ನುಗಳು ಬಾಗಿಹೋದವು. ಪ್ರಾಣಕ್ಕೇನೂ ತೊಂದರೆಯಿಲ್ಲ, ಆದರೆ ಈ ನಡುಕ ಹೋಗುವುದಿಲ್ಲ ಎಂದರು ವೈದ್ಯರು. ಷಟರ್ ಮೂರು ವಾರ ಮೇಲೇಳಲಿಲ್ಲ. ಮನೆಯಲ್ಲಿ ಅವರು ಮಾತಾಡಲೂ ಇಲ್ಲ. ಆ ದಿನಗಳ ಬಗ್ಗೆ ಕೇಳಿದರೆ ಯಜಮಾನರ ನಗು ನಿಲ್ಲುತ್ತದೆ. ಅವರು ಕಪ್ಪನ್ನು ಇನ್ನೊಂದು ಸಲ ತೊಳೆಯುತ್ತಾರೆ.

ನಾಲ್ಕನೆಯ ವಾರ ಒಬ್ಬ ವಾಚ್‌ಮನ್ ತನ್ನ ಪೆಟ್ಟಿಗೆ ಹೊತ್ತು ಬಂದು ಷಟರ್ ಬಡಿದ. ಎಷ್ಟು ಹೇಳಿದರೂ ಹೋಗಲೊಲ್ಲ. ನಡುಗುವ ಕೈ ಕಾಣದಿರಲೆಂದು ಬೀಪಕ್ಕ ಬೆನ್ನ ಹಿಂದೆ ಕಟ್ಟಿಕೊಂಡು, “ನಾನು ಹೇಳ್ತೀನಿ, ನೀವೇ ಮಾಡಿ” ಎಂದರು. ಅರ್ಧ ಗಂಟೆಯಲ್ಲಿ ಬೀಪ್ ಎಂದಿತು. “ಆ ಮನುಷ್ಯ ಯೂನಿಫಾರಂನಲ್ಲೇ ಕುಣಿದುಬಿಟ್ಟ. ಏಳು ವರ್ಷ ನಾನೇ ಸರಿ ಮಾಡ್ಕೊಟ್ಟಿದ್ದೆ, ಒಬ್ರಾದ್ರೂ ಹಾಗೆ ಕುಣಿದಿರ್ಲಿಲ್ಲ,” ಎನ್ನುತ್ತಾರೆ ಬೀಪಕ್ಕ. “ಮುಚ್ಚಿಡೋಕೆ ಅಂತ ಕಟ್ಟಿದ ಕೈ. ಆಮೇಲೆ ಬಿಚ್ಚಬೇಕು ಅಂತ್ಲೇ ಅನ್ನಿಸ್ಲಿಲ್ಲ.”

ಮೇಜಿನ ಬಳಿ ಟೈಲರಮ್ಮ ಎಲ್ಲವನ್ನೂ ಬಿಚ್ಚುತ್ತಿದ್ದಾರೆ. ವಿದ್ಯುತ್ ತಂತಿ ಕಿತ್ತಾಗಿದೆ. ಒಂದೊಂದು ಭಾಗ ಹೊರಬಂದಾಗಲೂ ಅಣ್ಣ ಗಡಿಯಾರ ನೋಡುತ್ತಾರೆ. ಬರಿಯ ಮದರ್‌ಬೋರ್ಡು, ಅದರ ಮೇಲಿನ ಪ್ರೊಸೆಸರು, ಫ್ಯಾನು, ಒಂದೇ ಒಂದು ಮೆಮೊರಿ ಪಟ್ಟಿ ರಟ್ಟಿನ ಮೇಲೆ ಉಳಿಯುತ್ತವೆ. ಬೀಪಕ್ಕ ಕಣ್ಣಲ್ಲೇ ತೋರಿಸಿದ ಕಡೆ, ಬಟ್ಟೆಯ ಗುಂಡಿಯಷ್ಟು ದೊಡ್ಡ ಸ್ಪೀಕರೊಂದನ್ನು ಸಿಕ್ಕಿಸಬೇಕು. ಹೊಸ ಪೆಟ್ಟಿಗೆಗಳಲ್ಲಿ ಇದನ್ನು ಯಾರೂ ಕೊಡುವುದಿಲ್ಲವಂತೆ. ಇದಿಲ್ಲದಿದ್ದರೆ ಯಂತ್ರಕ್ಕೆ ನಾಲಿಗೆ ಇಲ್ಲ, ಎಲ್ಲ ಸರಿಯಿದ್ದರೂ ಬೀಪ್ ಎನ್ನಲಾರದು.

“ಈಗ ತಂತಿ ಹಾಕಿ, ಗುಂಡಿ ಬದಲು ಆ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗ್ಸಿ. ಸೂಜಿಗೆ ದಾರ ಪೋಣಿಸೋ ಕೈ, ಹೆದರ್ಬೇಡಿ.”

ತುದಿ ತಾಗುತ್ತದೆ. ಫ್ಯಾನು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ “ಬೀಪ್!”

ಟೈಲರಮ್ಮ ಕಿರುಚಿಯೇ ಬಿಡುತ್ತಾರೆ. ಯಜಮಾನರು ಒಳಗಿನಿಂದ ಚಮಚ ಹಿಡಿದು ಓಡಿ ಬರುತ್ತಾರೆ. ಬೀಪಕ್ಕ ಮಾತ್ರ ನಗುವುದಿಲ್ಲ. “ಈಗ ಪೆಟ್ಟಿಗೆಯೊಳಗೆ ಕೂರಿಸಿ ನೋಡಿ.”

ವಿದ್ಯುತ್ ತಂತಿ ಕಿತ್ತು, ಬೋರ್ಡನ್ನು ಪೆಟ್ಟಿಗೆಯೊಳಗಿಟ್ಟು, ಸ್ಕ್ರೂ ತಿರುಗಿಸಿ, ಮತ್ತೆ ಗುಂಡಿ ಒತ್ತುತ್ತಾರೆ. ಫ್ಯಾನು ಕಾಲು ಸುತ್ತು. ಮತ್ತೆ ಮೌನ. ಏಳೂವರೆ.

“ನೋಡಿದ್ಯಾ?” ಎನ್ನುತ್ತಾರೆ ಅಣ್ಣ. ಅವರ ಮಾತಿನಲ್ಲಿ ಗೆದ್ದ ಸಂತೋಷವಿಲ್ಲ. ತಂಗಿಯ ಮುಖ ನೋಡಿ ಅವರಿಗೂ ಕಸಿವಿಸಿಯಾಗಿದೆ. “ಬಾರಮ್ಮ, ಹೋಗ್ಲಿ ಬಿಡು. ಇಷ್ಟಾದ್ರೂ ಮಾಡಿದ್ಯಲ್ಲ.”

ಟೈಲರಮ್ಮನ ಕಣ್ಣು ತುಂಬಿ ಬರುತ್ತದೆ. ಬೀಪಕ್ಕನಿಗೆ ಕಾರಣ ಹೊಳೆದಾಗಿದೆ. ಬೆನ್ನ ಹಿಂದೆ ಅವರ ಬೆರಳುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿವೆ. ಒಂದು ಮಾತು ಸಾಕು, ಹೇಳಿಬಿಡಬಹುದು. ಹೇಳುವುದಿಲ್ಲ.

“ಟೈಲರಮ್ಮ, ನಿಮ್ಮನ್ನೊಂದು ಕೇಳ್ಲಾ? ರವಿಕೆ ಮೇಜಿನ ಮೇಲೆ ಚೆನ್ನಾಗಿದೆ. ಹಾಕ್ಕೊಂಡ್ರೆ ಮಾತ್ರ ಚುಚ್ಚತ್ತೆ ಅಂತ ಗಿರಾಕಿ ವಾಪಸ್ ತಂದ್ರು. ಏನು ಮಾಡ್ತೀರಿ?”

“ಒಳಗಡೆ ಗುಂಡುಪಿನ್ನು ಬಿಟ್ಟಿದೀನಾ ಅಂತ ಕೈಯಾಡಿಸಿ ನೋಡ್ತೀನಿ…”

ಹೇಳುತ್ತಲೇ ಟೈಲರಮ್ಮ ನಿಲ್ಲುತ್ತಾರೆ. ಅವರು ತಂತಿ ಕಿತ್ತು, ಬೋರ್ಡನ್ನು ಮತ್ತೆ ಎತ್ತಿ, ಪೆಟ್ಟಿಗೆಯ ಒಳಮೈ ಮೇಲೆ ಅಸ್ತರು ಸವರುವಂತೆ ಅಂಗೈ ಸವರುತ್ತಾರೆ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಹಿತ್ತಾಳೆ ಗೂಟಗಳು ಅಲ್ಲಿವೆ. ಬೆರಳಲ್ಲೇ ಎಣಿಸುತ್ತಾರೆ. ಬೋರ್ಡಿನಲ್ಲಿರುವ ತೂತು ಎಂಟು. ಗೂಟ ಒಂಬತ್ತು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಬಿಗಿಯಾಗಿರ್ಲಿ ಅಂತ ನಾನೇ ಒಂದು ಜಾಸ್ತಿ ಹಾಕ್ದೆ ಅಕ್ಕಾ. ಹೊಲಿಗೇಲಿ ಕೊನೇಗೆ ಒಂದು ಹೆಚ್ಚಿಗೆ ಹಾಕಿಯೇ ಅಭ್ಯಾಸ.”

“ಅದೇ ಬೋರ್ಡಿನ ಬೆನ್ನಿಗೆ ಚುಚ್ತಿತ್ತು. ಪಾಪ, ಶಾರ್ಟ್ ಆಗಿ ಉಸಿರು ಬಿಗಿ ಹಿಡೀತಿತ್ತು,” ಎನ್ನುವ ಬೀಪಕ್ಕನ ಮುಖದಲ್ಲಿ ಈಗ ಬೆಳಗಿನ ಮೊದಲ ನಗು.

ಎಂಟಕ್ಕೆ ಐದು ನಿಮಿಷ. ಗೂಟ ತೆಗೆದು, ಬೋರ್ಡು ಕೂರಿಸಿ, ಟೈಲರಮ್ಮ ಗುಂಡಿಯ ಮೇಲೆ ಬೆರಳಿಡುತ್ತಾರೆ. ತಕ್ಷಣ ಕೈ ಹಿಂದೆಳೆದು, ತಿರುಗಿ, “ಅಣ್ಣಾ, ನೀನೇ ಒತ್ತು” ಎನ್ನುತ್ತಾರೆ. ಅಣ್ಣ ಅಂಗಿಗೆ ಕೈ ಒರೆಸಿಕೊಂಡು, ಬಿಸಿ ಪಾತ್ರೆ ಮುಟ್ಟುವವರ ಹಾಗೆ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ. ಕಾಲು ಸುತ್ತು ದಾಟುತ್ತದೆ. ನಾಲ್ಕೂ ಜನ ಉಸಿರು ಹಿಡಿದು ನಿಂತಿದ್ದಾರೆ.

“ಬೀಪ್!”

“ಹತ್ಕೊಳ್ತು ಕಣೇ!” ಎಂದು ಮೊದಲು ಕೂಗುವವರು ಅಣ್ಣನೇ. ಹೊರಗೆ ತಗಡಿನ ಕಾರ್ಖಾನೆಯ ಮೊದಲ ಸುತ್ತಿಗೆ ಬೀಳುತ್ತದೆ. ಒಂಬತ್ತನೆಯ ಗೂಟ ಭರಣಿಯೊಳಗೆ ಟಣ್ಣೆನ್ನುತ್ತದೆ. ಅದರಲ್ಲಿ ಇಂಥವೇ ನೂರಾರಿವೆ: ಕೀಳಲು ಮರೆತ ಪ್ಲಾಸ್ಟಿಕ್ ಹಾಳೆ, ಬಿದ್ದ ಸ್ಕ್ರೂ, ಯಾರದೋ ಕಿವಿಯೋಲೆಯ ತಿರುಪು.

ಅಣ್ಣ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ವ್ಯಾನಿನತ್ತ ನಡೆಯುತ್ತಾರೆ. ಟೈಲರಮ್ಮ ಆಗಲೇ ಫೋನಿನಲ್ಲಿ, ಸುತ್ತಿಗೆಯ ಸದ್ದು ಮೀರಿ ಕೂಗುತ್ತಿದ್ದಾರೆ. “ಅಮ್ಮಾ, ಹತ್ಕೊಳ್ತು! ಯಾರೂ ಮಾಡ್ಲಿಲ್ಲ, ನಾನೇ ಸರಿ ಮಾಡ್ದೆ! ಇಲ್ಲಿ ಒಬ್ರು ಅಕ್ಕ ಇದ್ರು, ಪಾಪ, ಸುಮ್ನೆ ಕೂತಿದ್ರು!”

ಯಜಮಾನರು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಲ್ಲುತ್ತಾರೆ. “ಕೇಳಿಸ್ತೇನೇ? ಸುಮ್ನೆ ಕೂತಿದ್ರಂತೆ!”

ಬೀಪಕ್ಕ ಬೆನ್ನ ಹಿಂದಿನಿಂದ ಕೈ ತಂದು ಕಪ್ಪು ತೆಗೆದುಕೊಳ್ಳುತ್ತಾರೆ. ಚಹಾ ಸ್ವಲ್ಪ ತುಳುಕುತ್ತದೆ. ಅದಕ್ಕೆಂದೇ ಯಜಮಾನರು ಯಾವಾಗಲೂ ಮುಕ್ಕಾಲು ಕಪ್ಪು ಮಾತ್ರ ತುಂಬಿಸುತ್ತಾರೆ.

“ಕೇಳಿಸ್ತುರೀ. ಸರಿಯಾಗೇ ಹೇಳಿದ್ರು,” ಎನ್ನುತ್ತಾರೆ ಬೀಪಕ್ಕ. “ಹಾಗೆ ಸುಮ್ಮನೆ ಕೂರೋದನ್ನ ಕಲಿಯೋಕೇ ನಂಗೆ ಏಳು ವರ್ಷ ಹಿಡೀತು.”