ಮುಖ ನೋಡಿ ಕೆಲಸ ಕೊಡುತ್ತಿದ್ದ ನಮ್ಮತ್ತೆ

ನಮ್ಮತ್ತೆಯನ್ನು ಬೀದಿಯವರೆಲ್ಲ ದಿಂಬಿನಮ್ಮ ಎಂದೇ ಕರೆಯುತ್ತಿದ್ದರು. ನಮ್ಮದು ಹಾಸಿಗೆ, ದಿಂಬು ಹೊಲಿಯುವ ಮನೆ. ಮುಂದಿನ ಕೋಣೆಯೇ ಅಂಗಡಿ, ನಡುಮನೆಯಲ್ಲಿ ಹೊಲಿಗೆ, ಹಿತ್ತಿಲಿನಲ್ಲಿ ಗಂಟು ಕಟ್ಟಿದ ಹಳೇ ಹತ್ತಿಯನ್ನು ಕೋಲಿನಿಂದ ಬಡಿದು ಬಿಡಿಸುವುದು. ಹತ್ತಿಯ ಎಳೆ ಹುಬ್ಬಿನ ಮೇಲೂ ಕೂರುತ್ತಿತ್ತು, ಹಾಲಿನ ಪಾತ್ರೆಯಲ್ಲೂ ತೇಲುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸೀನಿ ಸೀನಿ ಸುಸ್ತಾಗುತ್ತಿದ್ದೆ. ನನ್ನ ಓರಗಿತ್ತಿ, ಮನೆಯ ದೊಡ್ಡ ಸೊಸೆ, ನಾನು ಅಕ್ಕ ಅನ್ನುತ್ತಿದ್ದವಳು, "ಸೀನೋದೂ ಇಲ್ಲಿ ಒಂದು ಕೆಲ್ಸಾನೇ ಕಣೇ, ಕೂಲಿ ಮಾತ್ರ ಇಲ್ಲ" ಎಂದು ನಗುತ್ತಿದ್ದಳು.

ಅತ್ತೆಯದು ಒಂದು ಪದ್ಧತಿ. ಬೆಳಿಗ್ಗೆ ಚಹಾದ ಲೋಟ ಕೈಗೆ ಕೊಡುವಾಗ ಒಬ್ಬೊಬ್ಬರ ಮುಖವನ್ನೂ ನೋಡುವರು. ಏನಾಯಿತು, ಯಾಕೆ ಹೀಗಿದ್ದೀಯ ಎಂದು ಬಾಯಿಬಿಟ್ಟು ಕೇಳಿದವರಲ್ಲ. ಆವತ್ತಿನ ಕೆಲಸ ಹಂಚುವರು, ಅಷ್ಟೇ. ಸಿಟ್ಟಿನ ಮುಖಕ್ಕೆ ಹಿತ್ತಿಲು ಮತ್ತು ಕೋಲು. ಅಳುಮುಖಕ್ಕೆ ಸೂಜಿ ಡಬ್ಬಿ. ತವರಿನ ನೆನಪಾಗಿ ನಾನು ಮೂಗು ಒರೆಸುತ್ತ ಕೂತಿದ್ದಾಗ ಡಬ್ಬಿ ನನ್ನ ಮಡಿಲಿಗೆ ಬಂತು. "ಎಲ್ಲ ಸೂಜಿಗೂ ದಾರ ಪೋಣ್ಸು. ಅಳ್ತಾ ಪೋಣ್ಸೋಕಾದ್ರೆ ಅಳ್ತಾನೇ ಪೋಣ್ಸು" ಎಂದರು. ಕಣ್ಣಲ್ಲಿ ನೀರಿದ್ದರೆ ಸೂಜಿಯ ಕಣ್ಣು ಕಂಡೀತೆ? ಒರೆಸಿಕೊಳ್ಳಲೇಬೇಕಾಯಿತು.

ಮಂಕು ಬಡಿದವರ ಹಾಗೆ ಕೂತವರಿಗೆ ಹೊಲಿದ ದಿಂಬನ್ನು ಕಂಕುಳಿಗೆ ಕೊಟ್ಟು ದೂರದ ಗಿರಾಕಿಯ ಮನೆಗೆ ನಡೆಸುತ್ತಿದ್ದರು. ಹೋಗುವಾಗ ಸೇತುವೆ ದಾರಿ, ಬರುವಾಗ ಮಾರುಕಟ್ಟೆ ದಾರಿ. "ಹೋದ ದಾರೀಲೇ ವಾಪಸ್ ಬರ್ಬೇಡ. ನೀನು ಬಿಟ್ಟು ಹೋದ ಯೋಚ್ನೆ ಅಲ್ಲೇ ನಿನಗಾಗಿ ಕಾಯ್ತಾ ನಿಂತಿರತ್ತೆ."

ಇದರಲ್ಲೂ ಎಡವಟ್ಟಾಗುತ್ತಿತ್ತು. ಒಂದು ದಿನ ನಲ್ಲಿಯಲ್ಲಿ ನೀರು ಬಾರದೆ ಮನೆಮಂದಿಗೆಲ್ಲ ಸಿಟ್ಟು. ಎಲ್ಲರೂ ಹಿತ್ತಿಲಿಗೇ ಹೋದೆವು. ಸಂಜೆ ಗಿರಾಕಿ ಬಂದಾಗ ಒಂದು ದಿಂಬೂ ಹೊಲಿದಿರಲಿಲ್ಲ. ಅತ್ತೆ ಒಂದಿಷ್ಟೂ ಅಳುಕದೆ, "ಇವತ್ತು ನಮ್ಮನೇಲಿ ಎಲ್ರಿಗೂ ಕೋಪ ಕಣಪ್ಪ, ನಾಳೆ ಬಾ. ಹತ್ತಿ ಮಾತ್ರ ಬೆಣ್ಣೆ ಥರ ಆಗಿದೆ, ಮುಟ್ಟಿ ನೋಡು" ಎಂದು ಅವನನ್ನು ಸಾಗಹಾಕಿದರು.

ಮಾವ ತೀರಿಕೊಂಡ ಮೇಲೆ ಇಂಥ ಅತ್ತೆ ಗೋಡೆಗೆ ಆನಿಸಿಟ್ಟ ಸುರುಳಿ ಹಾಸಿಗೆಯ ಮೇಲೆ ಕೂತವರು ಅಲ್ಲಿಂದ ಏಳಲೊಲ್ಲರು. ಮಾವ ಮಾತಿನವರಲ್ಲ. ಒಂದೇ ಹಾಸಿಗೆಗೆ ಆ ಕಡೆಯಿಂದ ಅವರು, ಈ ಕಡೆಯಿಂದ ಅತ್ತೆ ಹೊಲಿಗೆ ಹಾಕುತ್ತ ನಡುವೆ ಸೇರುತ್ತಿದ್ದರು. ಈಗ ತಟ್ಟೆ ಮುಂದಿಟ್ಟರೆ ಅತ್ತೆ ಎರಡು ತುತ್ತು ತಿಂದು ಸರಿಸುವರು. ಕೈಯ ಬಳೆ ಮೊಣಕೈಯವರೆಗೆ ಜಾರುವಷ್ಟು ಸೊರಗಿದರು. ಡಾಕ್ಟರು ಪರೀಕ್ಷೆ ಮಾಡಿ, ರೋಗವೇನಿಲ್ಲ, ಆದರೆ ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ ಎಂದರು. "ನಮ್ಮನೇಲಿ ಹಾಸಿಗೆಗೆ ಬರವಾ" ಎಂದು ತಮಾಷೆ ಮಾಡಲು ಹೋದ ಅಕ್ಕ ನಡುವೆಯೇ ಎದ್ದು ಒಳಗೆ ಹೋದಳು.

ಅವರ ಮದ್ದನ್ನು ಅವರಿಗೇ ಕೊಟ್ಟು ನೋಡಿದೆವು. ಸೂಜಿ ಡಬ್ಬಿ ಮಡಿಲಲ್ಲೇ ಉಳಿಯಿತು. ಕೋಲು ಕೊಟ್ಟರೆ ಎರಡೇಟು ಹಾಕಿ ಗೋಡೆಗೆ ಒರಗಿಸಿದರು. ಕೈಹಿಡಿದು ಗಿರಾಕಿಯ ಮನೆಗೂ ಕರೆದೊಯ್ದೆ. ಬಂದರು, ಹೋದರು, ಏನನ್ನೂ ನೋಡಲಿಲ್ಲ. ಆಗ ಅಕ್ಕ, "ಅತ್ತೆ ಎದುರಿಗೆ ಯಾರೂ ಮುಖ ಸಣ್ಣ ಮಾಡಕೂಡ್ದು" ಎಂದು ಕಟ್ಟಪ್ಪಣೆ ಮಾಡಿದಳು. ನನ್ನ ಯಜಮಾನರು, ಭಾವ, ನಾವಿಬ್ಬರು, ಎಲ್ಲರೂ ನಗುಮುಖ ಹೊತ್ತು ಮೆಲ್ಲಗೆ ಮಾತಾಡುತ್ತ ಓಡಾಡಿದೆವು. ಮನೆ ಆಸ್ಪತ್ರೆಯ ಹಾಗಾಯಿತು.

ಎಷ್ಟು ದಿನ ನಡೆದೀತು ಅದು? ಒಂದು ಬೆಳಿಗ್ಗೆ ಕತ್ತರಿ ಕೈಗೆ ತಗೊಂಡರೆ ಬಟ್ಟೆ ಕತ್ತರಿಸುವುದರ ಬದಲು ಅಗಿಯುತ್ತಿದೆ.

"ಅಕ್ಕಾ, ನನ್ನ ಕತ್ತರೀಲಿ ರಟ್ಟು ಕತ್ತರಿಸಿದ್ಯಾ?"

"ನಿನ್ನ ಕತ್ತರಿನಾ? ತವರಿಂದ ಕಟ್ಟಿಕೊಂಡು ಬಂದಿದ್ಯಾ?"

"ತಂದಿದ್ರೆ ನೀನು ಮುಟ್ಟೋಕೆ ಬಿಡ್ತಿದ್ನಾ?"

"ಓಹೋ! ನಿನ್ನೆ ಮೊನ್ನೆ ಸೂಜಿ ಹಿಡಿಯೋದು ಕಲ್ತೋಳು, ನನ್ನ ಮೇಲೇ ಜೋರು ಮಾಡ್ತೀಯಾ? ಮೊದ್ಲು ಹೊತ್ತಿಗೆ ಸರಿಯಾಗಿ ಏಳೋದು ಕಲಿ."

"ಬೇಗ ಎದ್ದು ನೀನು ಮಾಡೋದೇನು, ಹಾಲು ಸೀದಿಸೋದಾ?"

ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಅಕ್ಕನ ಮುಖ ಕೆಂಪೇರಿತು. ನನಗೆ ಅಳು ಒತ್ತರಿಸಿಕೊಂಡು ಬಂತು.

"ದೊಡ್ಡೋಳೇ, ನಡಿ ಹಿತ್ತಿಲಿಗೆ."

ತಿರುಗಿ ನೋಡಿದೆವು. ಅತ್ತೆ ಸುರುಳಿ ಹಾಸಿಗೆಯಿಂದ ಎದ್ದು ನಿಂತು ನಮ್ಮ ಮುಖಗಳನ್ನೇ ನೋಡುತ್ತಿದ್ದರು.

"ಕೋಲು ಬಾಗ್ಲ ಹಿಂದಿದೆ. ಚಿಕ್ಕೋಳೇ, ಸೂಜಿ ಡಬ್ಬಿ ತಗೊಂಡು ಬಾ ಇಲ್ಲಿ."

ನಾನು ಅವರ ಪಕ್ಕ ಕೂತು ಬಿಕ್ಕಿದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಎಲ್ರೂ ಹಲ್ಲು ಕಿರ್ಕೊಂಡು ಓಡಾಡ್ತಿದ್ರಿ. ಈ ಮನೇಲಿ ದುಃಖ ಇರೋದು ನನಗೊಬ್ಳಿಗೇ ಅಂದ್ಕೊಂಡಿದ್ದೆ" ಎಂದರು. ಹಿತ್ತಿಲಿನಿಂದ ದಬದಬ ಸದ್ದು ಬರುತ್ತಿತ್ತು. ಅತ್ತೆ ಕಿವಿಗೊಟ್ಟು, "ಒಂದೇ ಕಡೆ ಬಡೀತಿದಾಳೆ ನೋಡು, ಪಾಪ, ಆ ಹತ್ತಿ ಗಂಟು ನೀನೇ ಇರ್ಬೇಕು" ಎಂದರು. ಅಳುತ್ತಲೇ ನನಗೆ ನಗು ಬಂತು.

ಮಾರನೇ ಬೆಳಿಗ್ಗೆ ಅಕ್ಕ ನನ್ನನ್ನು ಮೂಲೆಗೆ ಎಳೆದು, "ನಿನ್ನೆ ಔಷಧಿ ಇವತ್ತೂ ಒಂದು ಗುಟುಕು ಹಾಕೋಣ" ಎಂದು ಕಣ್ಣು ಮಿಟುಕಿಸಿದಳು. ನಾನು ಪಾತ್ರೆ ಕುಕ್ಕಿದೆ, ಅವಳು ಗದರಿದಳು. ಅತ್ತೆ ಚಹಾದ ಲೋಟ ಹಿಡಿದು ಇಬ್ಬರನ್ನೂ ನೋಡಿದರು.

"ಎರಡು ಮುಖದಲ್ಲೂ ಏನೂ ಇಲ್ಲ. ಕೈಗೆ ಕೆಲ್ಸ ಸಾಲ್ದೇ ಬಂದ ಕಾಯ್ಲೆ ಇದು. ಆ ಹಳೇ ಗವುಸಿನ ರಾಶಿ ಇದ್ಯಲ್ಲ, ಅಷ್ಟನ್ನೂ ಒಗೀರಿ."

ನಾವು ರಾಶಿಯನ್ನು ಹಿತ್ತಿಲಿಗೆ ಹೊತ್ತು ಒಗೆಯಲು ಕೂತೆವು. ಅತ್ತೆಯೂ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತರು.

"ನಿಮಗಿಂತ ನಿಮ್ಮ ಮಾವ ವಾಸಿ. ಅವರ ನಾಟಕ ಚೆನ್ನಾಗಿರ್ತಿತ್ತು" ಎಂದರು. ಮಾವ ಹೋದ ಮೇಲೆ ಅತ್ತೆಯ ಬಾಯಲ್ಲಿ ಅವರ ಸುದ್ದಿ ಬಂದದ್ದು ಅದೇ ಮೊದಲು. ಅಕ್ಕನ ಕೈ ನಿಂತಿತು.

"ಏನ್ ನಾಟಕ ಅತ್ತೆ?"

"ಬೇಕಂತ್ಲೇ ಹುಬ್ಬು ಗಂಟಿಕ್ಕಿಕೊಂಡು ಬರೋರು. ಹಿತ್ತಿಲಿಗೆ ಕಳಿಸ್ತಿದ್ದೆ. ನಾಲ್ಕು ಏಟಿನ ಸದ್ದು ಕೇಳ್ತಿತ್ತು, ಆಮೇಲೆ ಏನಿಲ್ಲ. ಬಡಿದ ಹತ್ತಿ ಮೇಲೆ ಮಲಗಿ ಗೊರಕೆ!"

"ನೀವು ಎಬ್ಬಿಸ್ತಿರ್ಲಿಲ್ವಾ?"

"ಯಾಕೆ ಎಬ್ಬಿಸ್ಲಿ? ಎದ್ದ ಮೇಲೆ ಮೈತುಂಬ ಹತ್ತಿ ಅಂಟಿಸ್ಕೊಂಡು ಕುರಿ ಥರ ಬರೋರು. ಅದನ್ನ ನೋಡೋಕೇ ಕಾಯ್ತಿದ್ದೆ."

ಅವರು ನಕ್ಕರು. ನಗುತ್ತ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾವು ನೊರೆಗೈಯಲ್ಲೇ ಕೂತು ಇನ್ನೊಂದು ಹೇಳಿ, ಮತ್ತೊಂದು ಹೇಳಿ ಎಂದು ಕಾಡಿದೆವು. ಗವುಸು ಒಣಹಾಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಊಟಕ್ಕೆ ಕೂತಾಗ ಅತ್ತೆ ತಟ್ಟೆಯಲ್ಲಿದ್ದುದನ್ನು ಮುಗಿಸಿ, ನಮ್ಮಿಬ್ಬರ ಕಡೆ ನೋಡದೆ, ತಾವೇ ಸೌಟಿಗೆ ಕೈ ಹಾಕಿದರು.