ಬಾತುಕೋಳಿ ಹೊಡೆಯುವ ಹುಡುಗ

ಈಗಿನವರು ಮಾರುದ್ದದ ಕೊಳವೆ ಇರುವ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹಕ್ಕಿಗಳ ಫೋಟೋ ತೆಗೆಯಲು ಹೊರಡುತ್ತಾರೆ. ಐವತ್ತರ ದಶಕದಲ್ಲಿ ನನ್ನ ಹತ್ತಿರ ಇದ್ದದ್ದು ಯಾರೋ ಬಳಸಿ ಬಿಟ್ಟ ಒಂದು ಡಬ್ಬಾ ಕ್ಯಾಮೆರಾ. ಅದನ್ನು ಹೊಟ್ಟೆಗೊತ್ತಿ ಹಿಡಿದು, ಮೇಲಿನಿಂದ ಬಗ್ಗಿ ನೋಡಬೇಕು. ಒಂದು ರೀಲಿಗೆ ಎಂಟೇ ಚಿತ್ರ. ಬಿಸಿಲು ಚೆನ್ನಾಗಿ ಏರದಿದ್ದರೆ ಅದಕ್ಕೆ ಕಣ್ಣೇ ಕಾಣದು. ಅಷ್ಟಕ್ಕೇ ನನ್ನ ಜಂಬ ನೋಡಬೇಕಿತ್ತು!

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಈಗ ಬಸವೇಶ್ವರನಗರ ಎನ್ನುತ್ತಾರಲ್ಲ, ಆ ಕಡೆಗೆ ರಾಗಿ ಹೊಲದ ಬದುವಿನ ಮೇಲೆ ನಡೆದರೆ ಒಂದು ಕೆರೆ ಸಿಗುತ್ತಿತ್ತು. ಬೆಳಿಗ್ಗೆ ಅಲ್ಲಿ ಬಾತುಕೋಳಿಗಳು, ಕೊಕ್ಕರೆಗಳು, ಜೊಂಡಿನ ತುದಿಗೆ ಕೂತ ಒಂದು ಮಿಂಚುಳ್ಳಿ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಬಾತುಕೋಳಿಗಳು ಹತ್ತು ಮಾರು ಆಚೆ ಸರಿಯುತ್ತಿದ್ದವು. ಬೈದುಕೊಳ್ಳುತ್ತಲೇ ದಡದಲ್ಲಿ ಕೂರುತ್ತಿದ್ದೆ. ಚಪ್ಪಲಿ ಕೆಸರಾಗುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು, ಆದರೂ ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ವಾಪಸು ಬರುವಾಗ ನಮ್ಮ ಬೀದಿಯ ಮೂಲೆಯ ಹೋಟೆಲಿನಲ್ಲಿ ಕಾಫಿ. ಫೋಟೋ ತೆಗೆಯುವುದಕ್ಕೆ ನಮ್ಮ ಗೆಳೆಯರ ಗುಂಪಿನಲ್ಲಿ 'ಹೊಡೆಯೋದು' ಎನ್ನುತ್ತಿದ್ದೆವು. ಹೋಟೆಲಿನ ಯಜಮಾನರ ಹತ್ತಿರವೂ ಅದೇ ಮಾತು.

"ಏನ್ ಸಾರ್, ಇವತ್ತು ಎಷ್ಟು?"

"ಎರಡು ಬಾತುಕೋಳಿ ಹೊಡ್ದೆ ಅಣ್ಣ. ಒಂದು ಕೊಕ್ಕರೆ ತಪ್ಪಿಸ್ಕೊಂಡುಬಿಡ್ತು!"

ಅದೇ ಸಮಯಕ್ಕೆ ನನಗೊಂದು ಸಂಬಂಧ ಬಂದಿತ್ತು. ದಾವಣಗೆರೆ ಕಡೆಯವರು, ನಮ್ಮ ಹಾಗೆಯೇ ಲಿಂಗ ಕಟ್ಟಿದವರು. ಹುಡುಗಿಯ ತಂದೆ ವರ್ಗವಾಗಿ ಬಂದು ಬಿನ್ನಿಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹೆಣ್ಣು ನೋಡಲು ಹೋದಾಗ ನಾನು ಗಾಬರಿಯಲ್ಲಿ ಉಪ್ಪಿಟ್ಟು ಮುಟ್ಟಿರಲಿಲ್ಲ. ತಟ್ಟೆ ತೆಗೆಯಲು ಬಂದ ಹುಡುಗಿ, "ಖಾರ ಆಗೈತೇನ್ರೀ?" ಎಂದು ಮೆಲ್ಲಗೆ ಕೇಳಿ ನಕ್ಕಳು. ಆ ನಗು ನೋಡಿದ ಮೇಲೆ ಇನ್ನೊಂದು ಹೆಣ್ಣು ನೋಡಲು ನಾನು ತಯಾರಿರಲಿಲ್ಲ.

ಒಂದು ವಾರ ಕಳೆದಿರಬೇಕು, ಸೋದರಮಾವ ಮುಖ ಕೆಂಪಗೆ ಮಾಡಿಕೊಂಡು ಬಂದ.

"ಏನೋ ನಿನ್ನ ಅವತಾರ? ಎದೆ ಮೇಲೆ ಲಿಂಗ ಇಟ್ಕೊಂಡು ದಿನಾ ಬಾತುಕೋಳಿ ಹೊಡೀತೀಯಂತೆ! ಅವರು ಸಂಬಂಧ ಬೇಡ ಅಂದ್ಬಿಟ್ರು ಕಣೋ."

ಆದದ್ದಿಷ್ಟು. ಹುಡುಗಿಯ ತಂದೆ ನನ್ನ ಗುಣ ವಿಚಾರಿಸಲು ಬಂದು ನೇರವಾಗಿ ಅದೇ ಹೋಟೆಲಿನಲ್ಲಿ ಕೂತಿದ್ದಾರೆ. ಯಜಮಾನರು ಪಾಪ, ನನ್ನನ್ನು ಹೊಗಳಿದ್ದಾರೆ: "ಚಿನ್ನದಂಥ ಹುಡುಗ ಸಾರ್. ಬೀಡಿ ಇಲ್ಲ, ಇಸ್ಪೀಟಿಲ್ಲ. ಬೆಳಿಗ್ಗೆ ಎದ್ದು ಬಾತುಕೋಳಿ ಹೊಡ್ಕೊಂಡು ಬರ್ತಾರೆ, ಅಷ್ಟೇ."

"ಅಯ್ಯೋ ಶಿವನೇ, ಆ ಡಬ್ಬ ಮನೆಗೆ ಬಂದ ದಿನಾನೇ ಅಂದ್ಕೊಂಡೆ," ಎಂದು ಅಮ್ಮ ಕೂತುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಇರುವೆ ತುಳಿಯಲೂ ಹೆದರುವ ನಾನು ಬೇಟೆಗಾರನೇ? ಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ! ತೊಳೆಸಿಟ್ಟ ಫೋಟೋಗಳನ್ನೆಲ್ಲ ಲಕೋಟೆಗೆ ತುಂಬಿ, ಕ್ಯಾಮೆರಾ ಹೆಗಲಿಗೆ ಹಾಕಿ, ಬೇಡ ಬೇಡ ಎನ್ನುತ್ತಿದ್ದ ಮಾವನನ್ನು ಎಳೆದುಕೊಂಡು ಭಾನುವಾರವೇ ಬಿನ್ನಿಪೇಟೆಗೆ ಹೋದೆ.

ಹುಡುಗಿಯ ತಂದೆ ಕೂರಿ ಎನ್ನಲಿಲ್ಲ. "ನಾನು ಹೊಡೆಯೋದು ಇದರಲ್ಲಿ ಸಾರ್," ಎಂದು ಕ್ಯಾಮೆರಾ ಮುಂದಿಟ್ಟು, ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡರು. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದರು. ಅಗಲವಾದ ಕೆರೆ, ಅಗಲವಾದ ಆಕಾಶ, ನಡುವೆ ಎಳ್ಳು ಚೆಲ್ಲಿದ ಹಾಗೆ ಒಂದಿಷ್ಟು ಚುಕ್ಕಿ.

"ಬಾತುಕೋಳಿ ಎಲ್ಲದಾವ್ರೀ ಇದ್ರಾಗೆ?"

"ಇದೇ ಸಾರ್, ಈ ಚುಕ್ಕಿ."

"ಇದು ಕೊಳೆ ಇದ್ದಂಗೈತಲ್ಲ!"

ಮಾವ ಹೊರಡಲು ಮೇಲುವಸ್ತ್ರ ಸರಿಮಾಡಿಕೊಂಡ. ಆಗ ಬಾಗಿಲ ಹಿಂದಿನಿಂದ ಅವಳು ಬಂದಳು. ಒಂದು ಫೋಟೋ ಕೈಗೆತ್ತಿಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು.

"ಅಪ್ಪಾಜಿ, ಇಷ್ಟು ದೂರದಾಗೆ ನಿಂತೋರು ಏನು ಹೊಡೆದಾರು? ಕಲ್ಲು ಎಸೆದ್ರೂ ಮುಟ್ಟಾದಿಲ್ಲ!"

ಅವಳ ತಂದೆ ಕನ್ನಡಕ ತೆಗೆದು, ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಕೂರಿ ಎಂದರು. ಕಾಫಿ ಬಂತು, ಉಪ್ಪಿಟ್ಟೂ ಬಂತು. ಈ ಸಲ ನಾನು ತಟ್ಟೆ ಖಾಲಿ ಮಾಡಿದೆ.

"ಡಬ್ಬದಾಗೆ ಇನ್ನೂ ಉಳಿದೈತೇನ್ರೀ?" ಎಂದು ಅವರೇ ಕೇಳಿದರು.

"ಒಂದು ಉಳಿದಿದೆ ಸಾರ್."

"ಹಂಗಾರೆ ನಮ್ಮ ಹುಡುಗೀದು ಒಂದು ಹೊಡೀರಿ."

ಸಂಬಂಧ ಕುದುರಿತು ಎಂದು ನನಗೆ ಗೊತ್ತಾದದ್ದೇ ಆಗ. ಹಿತ್ತಿಲ ಬಿಸಿಲಿನಲ್ಲಿ ಅವಳು ನಿಂತಳು. ನಾನು ಕೆರೆಯ ಅಭ್ಯಾಸದಲ್ಲಿ ಗೋಡೆಯ ತನಕ ಹಿಂದೆ ಸರಿದೆ.

"ಹತ್ರ ಬಂದು ಹೊಡೀರಿ," ಎಂದಳು, ತಂದೆಗೆ ಕೇಳಿಸದ ಹಾಗೆ. "ಇಲ್ಲಾಂದ್ರೆ ನಾನೂ ಚುಕ್ಕಿಯಾಗ್ತೀನಿ."

ತೀರ ಹತ್ತಿರ ಹೋದರೆ ಆ ಕ್ಯಾಮೆರಾದಲ್ಲಿ ಚಿತ್ರ ಮಸುಕಾಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೋದೆ.

ಮುಖ ಮೂಗು ಒಂದೂ ತಿಳಿಯದ ಆ ಫೋಟೋ ಇವತ್ತಿಗೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರು ಇದೇನು ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಡುಗೆಮನೆಯಿಂದ ಹೇಳುತ್ತಾಳೆ:

"ನಮ್ಮನೆಯೋರು ಹೊಡೆದ ಬಾತುಕೋಳಿ ಅದು."